‘ಬೇಸಿಕ್ ಕಂಪ್ಯೂಟರ್’ ಎಂದರೆ ಎಷ್ಟು ಬಂದರೆ ಸಾಕು?

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಂದು ಬೋರ್ಡು ಕಾಣಿಸುತ್ತದೆ: ‘ಬೇಸಿಕ್ ಕಂಪ್ಯೂಟರ್, ಡಿಟಿಪಿ, ಟ್ಯಾಲಿ’. ಕುವೆಂಪುನಗರದ ಬೇಸಿಕ್ ಒಂದು ಥರ, ಉದಯಗಿರಿಯ ಬೇಸಿಕ್ ಇನ್ನೊಂದು ಥರ. ಒಬ್ಬರು ಮೂರು ತಿಂಗಳು ಎನ್ನುತ್ತಾರೆ, ಮತ್ತೊಬ್ಬರು ಹದಿನೈದು ದಿನಕ್ಕೇ ಮುಗಿಸಿಕೊಡುತ್ತಾರೆ. ಕೊನೆಗೆ ಎರಡೂ ಕಡೆ ಪ್ರಮಾಣಪತ್ರ ಸಿಗುತ್ತದೆ, ಅದಕ್ಕೆ ಲ್ಯಾಮಿನೇಷನ್ನೂ ಆಗುತ್ತದೆ. ಅದೇ ಕಲಿಕಾರ್ಥಿ ಮುಂದಿನ ವಾರ ಮಗಳ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾಗಿ ಬಂದಾಗ ಸೈಬರ್ ಸೆಂಟರಿನ ಹುಡುಗನ ಮುಂದೆ ನಿಂತಿರುತ್ತಾರೆ. ಫೋನಿಗೆ ಬಂದ ಓಟಿಪಿಯನ್ನೂ ಅವನಿಗೇ ಓದಿ ಹೇಳುತ್ತಾರೆ.

ಇಲ್ಲಿ ಕಲಿತವರ ತಪ್ಪೇನೂ ಇಲ್ಲ, ಕಲಿಸಿದವರದೂ ಪೂರ್ತಿ ತಪ್ಪಲ್ಲ. ಏನು ಬಂದರೆ ‘ಬಂತು’ ಎನ್ನಬೇಕು ಎಂಬುದನ್ನು ಪಾಠ ಶುರುವಾಗುವ ಮೊದಲು ಯಾರೂ ಬರೆದಿಟ್ಟುಕೊಂಡಿರಲಿಲ್ಲ, ಅಷ್ಟೆ. ನೀವು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರಿರಬಹುದು, ಸ್ತ್ರೀಶಕ್ತಿ ಗುಂಪಿನವರಿರಬಹುದು, ಗ್ರಂಥಾಲಯ ನೋಡಿಕೊಳ್ಳುವವರಿರಬಹುದು ಅಥವಾ ಸಮುದಾಯ ಭವನದ ಮೂಲೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಜೋಡಿಸಿಕೊಂಡು ದೊಡ್ಡವರಿಗೆ ಕಲಿಸಹೊರಟ ನಿವೃತ್ತ ಮೇಷ್ಟ್ರಿರಬಹುದು. ಪಠ್ಯಪುಸ್ತಕ ಹುಡುಕುವ ಮೊದಲು ನೀವು ಕೂತು ಮಾಡಬೇಕಾದದ್ದು ಒಂದು ಪುಟದ ಮಾನದಂಡ. ಅದನ್ನು ಮಾಡುವುದು ಹೇಗೆ ಎಂಬುದೇ ಈ ಲೇಖನ.

ಈಗಾಗಲೇ ಇರುವ ಅಳತೆಗೋಲುಗಳು

ದೊಡ್ಡವರಿಗೆ ಕಲಿಸುವುದು ಮೈಸೂರಿಗೆ ಹೊಸ ಕೆಲಸವಲ್ಲ. 1940ರ ದಶಕದಿಂದ ಇಲ್ಲಿಂದಲೇ ಕೆಲಸ ಮಾಡಿದ ವಯಸ್ಕರ ಶಿಕ್ಷಣ ಸಮಿತಿ ಸಾಕ್ಷರತಾ ತರಗತಿಗಳನ್ನೂ ವಿದ್ಯಾಪೀಠಗಳನ್ನೂ ನಡೆಸಿತು, ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಪತ್ರಿಕೆ ತಂದಿತು. ಅಕ್ಷರದ ವಿಷಯದಲ್ಲಿ ದೇಶದ ಅಳತೆಯೂ ಸ್ಪಷ್ಟವಾಗಿದೆ. ಜನಗಣತಿಯ ಪ್ರಕಾರ 7 ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ ವ್ಯಕ್ತಿ ಸಾಕ್ಷರ. ಶಾಲೆಗೆ ಹೋಗಿರಬೇಕಿಲ್ಲ, ಪರೀಕ್ಷೆ ಪಾಸಾಗಿರಬೇಕಿಲ್ಲ. ಕೈಲಾಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಈ ಸರಳತೆ ಕೈತಪ್ಪಿ ಗಂಟೆಯ ಲೆಕ್ಕ ಶುರುವಾಯಿತು. 2017ರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಮನೆಗೊಬ್ಬರಂತೆ 14ರಿಂದ 60 ವರ್ಷದವರಿಗೆ 20 ಗಂಟೆಯ ತರಬೇತಿ ಕೊಟ್ಟು 2024ರ ಮಾರ್ಚ್‌ನಲ್ಲಿ ಮುಗಿಯಿತು. ಹೆಸರಿನಲ್ಲೇ ಇರುವಂತೆ ಅದು ಹಳ್ಳಿಗಳಿಗೆ. ಮೈಸೂರು ನಗರದೊಳಗಿನ ಮನೆಗೆಲಸದಾಕೆ, ಬೀಡಿ ಕಟ್ಟುವಾಕೆ, 60 ದಾಟಿದ ಪಿಂಚಣಿದಾರರು ಅದರ ಲೆಕ್ಕಕ್ಕೆ ಬರಲಿಲ್ಲ. ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆಯ ಬಿಸಿಸಿ 36 ಗಂಟೆಯದು, ಸಿಸಿಸಿ 80 ಗಂಟೆಯದು. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮಗಳಡಿ ಬಂದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಚೇರಿ ಕೆಲಸಕ್ಕೆ ಹೊಂದಿಸಿದ್ದು. 2022ರಿಂದ ನಡೆಯುತ್ತಿರುವ ‘ಉಲ್ಲಾಸ್’ ನವಭಾರತ ಸಾಕ್ಷರತಾ ಕಾರ್ಯಕ್ರಮ 15 ವರ್ಷ ಮೇಲ್ಪಟ್ಟವರು ಕಲಿಯಬೇಕಾದ ಜೀವನಕೌಶಲಗಳಲ್ಲಿ ಡಿಜಿಟಲ್ ಸಾಕ್ಷರತೆಯನ್ನೂ ಸೇರಿಸಿದೆ.

ಹೊರದೇಶದ ಮಾದರಿಗಳಲ್ಲಿ ಯುರೋಪಿನ ‘ಡಿಜ್‌ಕಾಂಪ್’ ಹೆಚ್ಚು ಹೆಸರಾದದ್ದು. ಅದರಲ್ಲಿ 5 ಕ್ಷೇತ್ರ, 21 ಸಾಮರ್ಥ್ಯ. 2018ರಲ್ಲಿ ಯುನೆಸ್ಕೋ ಅದನ್ನು ಜಗತ್ತಿನ ಬೇರೆ ದೇಶಗಳಿಗೂ ಹೊಂದುವಂತೆ ವಿಸ್ತರಿಸುವಾಗ ಎಲ್ಲಕ್ಕೂ ಮೊದಲಿಗೆ ಇನ್ನೊಂದು ಕ್ಷೇತ್ರ ಸೇರಿಸಿ ಅದಕ್ಕೆ ಸೊನ್ನೆ ಎಂಬ ಸಂಖ್ಯೆ ಕೊಟ್ಟಿತು: ಉಪಕರಣವನ್ನೂ ತಂತ್ರಾಂಶವನ್ನೂ ಬಳಸಲು ಬರುವುದು. ಯುರೋಪಿನವರಿಗೆ ಇದನ್ನು ಪ್ರತ್ಯೇಕವಾಗಿ ಹೇಳಬೇಕು ಅನ್ನಿಸಿರಲಿಲ್ಲ. ನಮ್ಮ ತರಗತಿ ಅರ್ಧ ನಿಲ್ಲುವುದೇ ಆ ಸೊನ್ನೆಯ ಹತ್ತಿರ.

ಗಂಟೆ ಎಣಿಸಿದರೆ ಏಕೆ ಸಾಲದು

ಲೈಸೆನ್ಸ್ ಕೊಡುವಾಗ ಆರ್‌ಟಿಒದವರು ನೀವು ಎಷ್ಟು ದಿನ ಡ್ರೈವಿಂಗ್ ಸ್ಕೂಲಿಗೆ ಹೋದಿರಿ ಎಂದು ಕೇಳುವುದಿಲ್ಲ, ಎಂಟು ಹೊಡೆಸಿ ನೋಡುತ್ತಾರೆ. ಕಂಪ್ಯೂಟರಿಗೂ ಇದೇ ನ್ಯಾಯ ಸಲ್ಲಬೇಕು. ದಿನವಿಡೀ ಸ್ಮಾರ್ಟ್‌ಫೋನ್ ಹಿಡಿದಿರುವ ಇಪ್ಪತ್ತೈದರ ಹುಡುಗಿಗೂ ಜೀವಮಾನದಲ್ಲಿ ಟೈಪ್ ಮಾಡಿರದ ಐವತ್ತೆಂಟರ ದರ್ಜಿಗೂ ಇಪ್ಪತ್ತು ಗಂಟೆ ಎಂದರೆ ಒಂದೇ ಅಲ್ಲ.

ಇನ್ನೊಂದು ಕಾರಣ ಹೆಚ್ಚು ಮುಖ್ಯ. ದೊಡ್ಡವರು ಕಂಪ್ಯೂಟರ್ ಕಲಿಯುವಾಗ ನೋಟ್‌ಪುಸ್ತಕದಲ್ಲಿ ಹೆಜ್ಜೆ ಬರೆದುಕೊಳ್ಳುತ್ತಾರೆ: ‘ಬಲಗಡೆ ಮೇಲೆ ನೀಲಿ ಬಟನ್, ಆಮೇಲೆ ಎರಡನೆಯ ಸಾಲು’. ವೆಬ್‌ಸೈಟಿನವರು ಒಂದು ದಿನ ಆ ನೀಲಿ ಬಟನ್ನನ್ನು ಎಡಕ್ಕೆ ಸರಿಸಿದರೆ ಪುಸ್ತಕ ನಿಷ್ಪ್ರಯೋಜಕ. ಕಲಿತದ್ದು ಕೆಲಸವಲ್ಲ, ಬಟನ್ನಿನ ಜಾಗ. ಆದ್ದರಿಂದ ಮಾನದಂಡವನ್ನು ಫಲಿತಾಂಶದಲ್ಲಿ ಬರೆಯಬೇಕು: ಕೊನೆಗೆ ಏನು ಕೈಗೆ ಸಿಗಬೇಕು, ದಾರಿ ತಪ್ಪಿದರೆ ಹಿಂದಕ್ಕೆ ಬರಲು ಗೊತ್ತಿದೆಯೇ. ಹೀಗೆ ಬರೆದ ಮಾನದಂಡ ತಂತ್ರಾಂಶ ಬದಲಾದರೂ ಕೆಲಸಕ್ಕೆ ಬರುತ್ತದೆ.

ಮಾನದಂಡ ಬರೆಯುವ ಕ್ರಮ

1. ಮೊದಲು ಕೇಳಿ. ‘ನಿಮಗೆ ಏನು ಕಲಿಯಬೇಕು?’ ಎಂದು ಕೇಳಬೇಡಿ. ‘ಕಂಪ್ಯೂಟರ್ ಕಲೀಬೇಕು ಸಾರ್’ ಎನ್ನುತ್ತಾರೆ, ಇಲ್ಲವೇ ಎಲ್ಲೋ ಕೇಳಿದ ‘ಎಕ್ಸೆಲ್’ ಎನ್ನುತ್ತಾರೆ. ಹೀಗೆ ಕೇಳಿ: ‘ಹೋದ ಎರಡು ತಿಂಗಳಲ್ಲಿ ಯಾವ ಕೆಲಸಕ್ಕೆ ನಿಮ್ಮ ಫೋನನ್ನ ಬೇರೆಯವರ ಕೈಗೆ ಕೊಟ್ರಿ? ಯಾವುದಕ್ಕೆ ಸೈಬರ್ ಸೆಂಟರಿಗೆ ದುಡ್ಡು ಕೊಟ್ರಿ?’ ಆಗ ಬರುವ ಉತ್ತರವೇ ಬೇರೆ. ಸೆಸ್ಕ್‌ನ ಕರೆಂಟ್ ಬಿಲ್ಲು. ಪಾಲಿಕೆಯ ಕಂದಾಯ. ನಾಡಕಚೇರಿಯ ಪ್ರಮಾಣಪತ್ರ. ಸೇವಾಸಿಂಧು ಅರ್ಜಿ, 2023ರಲ್ಲಿ ಗೃಹಜ್ಯೋತಿ ನೋಂದಣಿಗೆ ಎಷ್ಟು ಮನೆಯವರು ಸೆಂಟರುಗಳ ಮುಂದೆ ಸಾಲು ನಿಂತರೆಂಬುದು ನೆನಪಿರಬಹುದು. ಪಿಎಫ್ ಪಾಸ್‌ಬುಕ್. ನವೆಂಬರ್ ಬಂದರೆ ಪಿಂಚಣಿದಾರರ ಜೀವನ್ ಪ್ರಮಾಣ್. ಮಕ್ಕಳ ವಿದ್ಯಾರ್ಥಿವೇತನ. ಧರ್ಮಸ್ಥಳಕ್ಕೆ ಕೆಎಸ್‌ಆರ್‌ಟಿಸಿ ಟಿಕೆಟ್. ಮನೆಯಲ್ಲೇ ಹಪ್ಪಳ–ಸಂಡಿಗೆ ಮಾಡಿ ಮಾರುವಾಕೆಗೆ ಒಂದು ದರಪಟ್ಟಿ.

ಈ ಉತ್ತರಗಳನ್ನು ಗುಂಪು ಮಾಡಿದರೆ ಒಂದು ವಿಷಯ ಕಾಣುತ್ತದೆ. ಕೆಲಸಗಳು ಹಲವು, ಕೈಕೊಡುವ ಜಾಗ ಕೆಲವೇ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಅರ್ಜಿ ತುಂಬಬೇಕು, ಒಂದು ಕಾಗದದ ಫೋಟೊ ಏರಿಸಬೇಕು, ಒಂದು ಓಟಿಪಿ ಹಾಕಬೇಕು, ಕೊನೆಗೆ ರಸೀದಿ ಉಳಿಸಿಕೊಳ್ಳಬೇಕು. ಮಾನದಂಡಕ್ಕೆ ಬೇಕಾದದ್ದು ಈ ನಾಲ್ಕು. ಸೆಸ್ಕ್‌ಗೊಂದು, ಪಾಲಿಕೆಗೊಂದು ಪಾಠ ಬೇಕಿಲ್ಲ.

2. ಸೊನ್ನೆ ಹಂತವನ್ನು ಮರೆಯಬೇಡಿ. ಮೌಸ್ ಹಿಡಿದ ಕೈ ನಡುಗುವುದು, ಡಬಲ್ ಕ್ಲಿಕ್ ಮಾಡುವಷ್ಟರಲ್ಲಿ ಮೌಸ್ ಸರಿದುಹೋಗುವುದು, ಬೈಫೋಕಲ್ ಕನ್ನಡಕದಲ್ಲಿ ಪರದೆ ನೋಡಲು ತಲೆಯೆತ್ತಿ ಕತ್ತು ನೋಯುವುದು ಇವೆಲ್ಲ ‘ಬುದ್ಧಿಗೆ ಹತ್ತದ’ ಸಮಸ್ಯೆಗಳಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಬಲ್ ಕ್ಲಿಕ್‌ನ ವೇಗ ತಗ್ಗಿಸಿ, ಬಾಣದ ಗುರುತನ್ನು ದೊಡ್ಡದು ಮಾಡಿ. ಅದೂ ಆಗದಿದ್ದರೆ ಒಮ್ಮೆ ಕ್ಲಿಕ್ ಮಾಡಿ ಎಂಟರ್ ಒತ್ತುವುದನ್ನು ಹೇಳಿಕೊಡಿ, ಫಲ ಒಂದೇ. ಅಕ್ಷರ ಸಣ್ಣದಾದರೆ ಕಂಟ್ರೋಲ್ ಹಿಡಿದು ಪ್ಲಸ್ ಒತ್ತುವುದನ್ನು ಮೊದಲ ದಿನವೇ ತೋರಿಸಿ. ಇಡೀ ಪಟ್ಟಿಯಲ್ಲಿ ದೊಡ್ಡವರಿಗೆ ತಕ್ಷಣ ಖುಷಿ ಕೊಡುವ ಕೌಶಲ ಇದೇ ಎಂದು ನನ್ನ ಅನಿಸಿಕೆ.

ಸೊನ್ನೆ ಹಂತದ ಮಾನದಂಡ ಇಷ್ಟಿದ್ದರೆ ಸಾಕು: ಕಂಪ್ಯೂಟರ್ ಆನ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಬಲ್ಲರು, ಒಂದು ಕಿಟಕಿ ತೆರೆದು ಮುಚ್ಚಬಲ್ಲರು, ಪುಟವನ್ನು ಕೆಳಕ್ಕೂ ಮೇಲಕ್ಕೂ ಸರಿಸಬಲ್ಲರು, ತಪ್ಪು ಅಕ್ಷರ ಅಳಿಸಬಲ್ಲರು, ಬ್ರೌಸರ್‌ನಲ್ಲಿ ‘ಹಿಂದಕ್ಕೆ’ ಬಾಣ ಯಾವುದು ಎಂದು ತೋರಿಸಬಲ್ಲರು. ಕೊನೆಯದು ಸಣ್ಣದು ಎಂದುಕೊಳ್ಳಬೇಡಿ. ‘ಎಲ್ಲೋ ಒತ್ತಿಬಿಟ್ಟೆ, ಏನೋ ಆಗೋಯ್ತು’ ಎಂಬ ಭಯಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

3. ಪ್ರತಿ ಸಾಲೂ ಕಣ್ಣಿಗೆ ಕಾಣುವ ಕೆಲಸವಾಗಿರಲಿ. ‘ಇ–ಮೇಲ್ ಬಗ್ಗೆ ಅರಿವು ಹೊಂದುವರು’, ‘ಇಂಟರ್‌ನೆಟ್ ಪರಿಚಯ’ ಎಂಬಂಥ ಸಾಲುಗಳು ವರದಿಗೆ ಚೆಂದ, ಪರೀಕ್ಷೆಗೆ ಉಪಯೋಗವಿಲ್ಲ. ಅರಿವು ಬಂದಿದೆಯೋ ಇಲ್ಲವೋ ನೀವು ನೋಡುವುದು ಹೇಗೆ? ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಬೇಕು: ಏನು ಮಾಡುತ್ತಾರೆ, ಯಾವ ಸ್ಥಿತಿಯಲ್ಲಿ, ಎಷ್ಟರಮಟ್ಟಿಗೆ ಸರಿಯಾಗಿದ್ದರೆ ಒಪ್ಪಬಹುದು.

ಹೀಗೆ ಬರೆಯಿರಿ: ‘ಫೋನಿನಲ್ಲಿ ತೆಗೆದ ಪಡಿತರ ಚೀಟಿಯ ಫೋಟೊವನ್ನು, ಯಾರ ಸಹಾಯವೂ ಇಲ್ಲದೆ, ಕೊಟ್ಟ ಇ–ಮೇಲ್ ವಿಳಾಸಕ್ಕೆ ಕಳಿಸುವರು, ವಿಷಯದ ಸಾಲಿನಲ್ಲಿ ತಮ್ಮ ಹೆಸರು ಇರಬೇಕು, ಹೋಯಿತೇ ಎಂದು ತಾವೇ ಖಚಿತಪಡಿಸಿಕೊಳ್ಳಬೇಕು.’ ಈ ಸಾಲನ್ನು ಯಾರು ಓದಿದರೂ ಒಂದೇ ಥರ ಪರೀಕ್ಷೆ ಮಾಡಬಹುದು. ಸರಸ್ವತಿಪುರಂನಲ್ಲಿ ಕಲಿತವರು ಹೆಬ್ಬಾಳದಲ್ಲಿ ಪರೀಕ್ಷೆ ಕೊಟ್ಟರೂ ಫಲಿತಾಂಶ ಬದಲಾಗಬಾರದು.

ಪ್ರತಿ ಸಾಲಿನ ಪಕ್ಕ ‘ಫೋನ್’ ಅಥವಾ ‘ಕಂಪ್ಯೂಟರ್’ ಎಂದು ಗುರುತು ಹಾಕಿ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಿಸಬೇಕೆಂಬ ಹಟ ಬೇಡ. ಬಿಲ್ ಕಟ್ಟಲು ಫೋನ್ ಸಾಕು. ಆದರೆ ಉದ್ದದ ಅರ್ಜಿ, ಕಡತಗಳನ್ನು ಹೊಂದಿಸುವುದು, ಟೈಪಿಂಗ್ ಇವು ಕಂಪ್ಯೂಟರಿನಲ್ಲೇ ಸಲೀಸು.

4. ಎರಡು ಲಿಪಿ, ಎರಡು ಮಾನದಂಡ. ಹೊರಗಿನ ಯಾವ ಮಾದರಿಯೂ ನಮಗೆ ಹೇಳಿಕೊಡದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡದಲ್ಲಿ ಟೈಪ್ ಮಾಡಲು ಇರುವ ಮುಖ್ಯ ದಾರಿ ಮೂರು. ಒಂದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ದಾರಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದು ಇದೇ. ಎರಡು, ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್. ಮೂರು, ಫೋನಿನ ಕೀಲಿಮಣೆ, ಅಥವಾ ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯ. ಮೂರನ್ನೂ ಕಲಿಸಹೋದರೆ ಒಂದೂ ಹತ್ತುವುದಿಲ್ಲ. ಇಂಗ್ಲಿಷ್ ಅಕ್ಷರ ಗುರುತಿಸಬಲ್ಲವರಿಗೆ ಕೆ.ಪಿ. ರಾವ್ ವಿನ್ಯಾಸ ಬೇಗ ಕೂರುತ್ತದೆ. ‘ಮೈಸೂರು’ ಎನ್ನಲು ಎಂ, ಶಿಫ್ಟ್ ವೈ, ಎಸ್, ಶಿಫ್ಟ್ ಯು, ಆರ್, ಯು. ಆರು ಒತ್ತು, ಉಚ್ಚಾರದ ಕ್ರಮದಲ್ಲೇ. ಒತ್ತಕ್ಷರಕ್ಕೆ ನಡುವೆ ಎಫ್ ಕೀ: ‘ಅಮ್ಮ’ ಎಂದರೆ ಎ, ಎಂ, ಎಫ್, ಎಂ. ಇದಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿ. ಪರೀಕ್ಷೆಯ ದಿನವೂ ಅದು ಅಲ್ಲೇ ಇರಲಿ. ನಾವು ನೋಡುತ್ತಿರುವುದು ಬಾಯಿಪಾಠವನ್ನಲ್ಲ.

ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲದವರಿಗೆ ಫೋನಿನ ಕನ್ನಡ ಕೀಲಿಮಣೆ ಅಥವಾ ಧ್ವನಿ ಬರಹವೇ ಸರಿಯಾದ ದಾರಿ. ಧ್ವನಿ ಬರಹವನ್ನು ‘ಕಳ್ಳದಾರಿ’ ಎಂದು ಮೂಗುಮುರಿಯುವ ಮೇಷ್ಟ್ರುಗಳಿದ್ದಾರೆ. ಅರ್ಜಿ ಸ್ವೀಕರಿಸುವ ಕಚೇರಿಗೆ ಅದು ಬೆರಳಿನಿಂದ ಬಂತೋ ಬಾಯಿಯಿಂದ ಬಂತೋ ಗೊತ್ತೂ ಆಗುವುದಿಲ್ಲ. ಆದರೆ ಬರೆದುಕೊಂಡದ್ದನ್ನು ಓದಿ ತಪ್ಪು ತಿದ್ದಬಲ್ಲರೇ ಎಂಬುದು ಮಾನದಂಡದಲ್ಲಿ ಇರಲೇಬೇಕು. ‘ಕೃಷ್ಣಮೂರ್ತಿಪುರಂ’ ಎಂದದ್ದು ಏನೇನೋ ಆಗಿ ಬರುವುದುಂಟು.

ಯಾವ ದಾರಿಯಾದರೂ ಬರಹ ಯುನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಕಂಪ್ಯೂಟರಿನಲ್ಲಿ ಕನ್ನಡವಾಗಿಯೇ ಕಂಡರೂ ಇ–ಮೇಲ್‌ಗೋ ವೆಬ್‌ಸೈಟಿಗೋ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಮೈಸೂರಿನ ಎಸ್‌ಜೆಸಿಇಯಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರೊ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯಲ್ಲಿ ಸರ್ಕಾರ ಕನ್ನಡ ತಂತ್ರಾಂಶಕ್ಕೆಂದೇ ಸಮಿತಿ ಮಾಡಿದ್ದರ ಹಿಂದೆ ಇಂಥ ತಲೆನೋವುಗಳೇ ಇದ್ದವು. ನಿಮ್ಮ ಪರೀಕ್ಷೆ ಸರಳವಾಗಿರಲಿ: ಟೈಪ್ ಮಾಡಿದ ಎರಡು ಸಾಲನ್ನು ಇ–ಮೇಲ್‌ಗೆ ಅಂಟಿಸಿ ಕಳಿಸಲಿ, ಇನ್ನೊಂದು ಫೋನಿನಲ್ಲಿ ತೆರೆದು ನೋಡಿ.

ಇನ್ನು ಇಂಗ್ಲಿಷ್. ಕನ್ನಡದಲ್ಲಿ ಕಲಿಸುತ್ತೇವೆಂದು ಇದನ್ನು ಪೂರ್ತಿ ಬಿಡುವುದು ಕಲಿಕಾರ್ಥಿಗೆ ಮಾಡುವ ಅನ್ಯಾಯ. ತಮ್ಮ ಹೆಸರನ್ನು ಆಧಾರ್‌ನಲ್ಲಿರುವಂತೆಯೇ, ಇನಿಷಿಯಲ್, ಜಾಗ ಎಲ್ಲ ಸೇರಿ, ಇಂಗ್ಲಿಷ್‌ನಲ್ಲಿ ನೋಡಿ ಟೈಪ್ ಮಾಡಲು ಬರಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಇದರ ಜೊತೆಗೆ ಪರದೆಯ ಮೇಲೆ ಮತ್ತೆ ಮತ್ತೆ ಬರುವ ಹತ್ತಿಪ್ಪತ್ತು ಇಂಗ್ಲಿಷ್ ಪದಗಳ ಗುರುತು ಸಿಗಬೇಕು: ಸಬ್ಮಿಟ್, ಕ್ಯಾನ್ಸಲ್, ನೆಕ್ಸ್ಟ್, ಸೇವ್, ಅಪ್‌ಲೋಡ್, ಎರರ್, ಪೇ. ಓದಲು ಬಾರದಿದ್ದರೂ ಆಕಾರದಿಂದ ಗುರುತಿಸಿದರೆ ಸಾಕು. ‘ಪೇ’ ಮತ್ತು ‘ರಿಸೀವ್’ ನಡುವಿನ ವ್ಯತ್ಯಾಸ ಮಾತ್ರ ಕಡ್ಡಾಯ. ಏಕೆಂದು ಆರನೆಯ ಅಂಶದಲ್ಲಿ ನೋಡಿ.

5. ಅರ್ಜಿ ಎಂಬ ಇಡೀ ಕೆಲಸವನ್ನು ಬಿಡಿಸಿಕೊಳ್ಳಿ. ‘ಆನ್‌ಲೈನ್ ಅರ್ಜಿ ತುಂಬುವರು’ ಎಂದು ಒಂದೇ ಸಾಲು ಬರೆದರೆ ಎಲ್ಲಿ ಎಡವುತ್ತಾರೆ ಎಂಬುದು ತಿಳಿಯದು. ಎಡವುವ ಜಾಗಗಳು ಹೆಚ್ಚಾಗಿ ಇವು: ಹುಟ್ಟಿದ ವರ್ಷ ಆರಿಸಲು ಕ್ಯಾಲೆಂಡರಿನಲ್ಲಿ ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗುತ್ತ ಕೂರುವುದು, ಪಟ್ಟಿಯಿಂದ ಜಿಲ್ಲೆ, ತಾಲ್ಲೂಕು ಆರಿಸುವುದು, ವಕ್ರವಕ್ರವಾದ ಕ್ಯಾಪ್ಚಾ ಓದುವುದು, ಫೋನಿನಲ್ಲಿ ಓಟಿಪಿ ನೋಡಿ ವಾಪಸ್ ಬರುವಷ್ಟರಲ್ಲಿ ಸಮಯ ಮೀರುವುದು, ಫೋಟೊ ‘ಇಷ್ಟು ಕೆಬಿ ಒಳಗಿರಬೇಕು’ ಎಂಬ ಷರತ್ತು. ಪ್ರತಿಯೊಂದನ್ನೂ ಅರ್ಜಿಯ ಸಾಲಿನ ಕೆಳಗೆ ಬೇರೆ ಬೇರೆ ಉಪಸಾಲಾಗಿ ಬರೆಯಿರಿ. ಕೊನೆಯದು ಎರಡನೆಯ ಹಂತದ ಕೌಶಲ. ಮೊದಲ ಹಂತದಲ್ಲಿ ಇಟ್ಟು ಜನರನ್ನು ಕಂಗೆಡಿಸಬೇಡಿ.

ರಸೀದಿ ಉಳಿಸಿಕೊಳ್ಳುವುದನ್ನು ಎಲ್ಲರೂ ಮರೆಯುತ್ತಾರೆ. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳದೆ ಕಿಟಕಿ ಮುಚ್ಚಿದರೆ ಅರ್ಜಿ ಏನಾಯಿತೆಂದು ಕೇಳುವುದಕ್ಕೂ ದಾರಿಯಿಲ್ಲ. ‘ರಸೀದಿಯನ್ನು ಡೌನ್‌ಲೋಡ್ ಮಾಡಿ, ಮತ್ತೆ ಹುಡುಕಿ ತೆರೆದು ತೋರಿಸುವರು’ ಎಂಬ ಸಾಲು ಸೇರಿಸಿ. ಡೌನ್‌ಲೋಡ್ ಮಾಡುವುದು ಸುಲಭ, ಅದು ಎಲ್ಲಿ ಹೋಗಿ ಕೂತಿತೆಂದು ಹುಡುಕುವುದರಲ್ಲೇ ಅರ್ಧ ಜನ ಸೋಲುತ್ತಾರೆ.

6. ಸುರಕ್ಷತೆಗೆ ರಿಯಾಯಿತಿ ಇಲ್ಲ. ಬೇರೆ ಯಾವ ಸಾಲಿನಲ್ಲಾದರೂ ‘ಪರವಾಗಿಲ್ಲ, ಮುಂದಿನ ಸಲ’ ಎನ್ನಬಹುದು. ಇಲ್ಲಿ ಎಲ್ಲವೂ ಸರಿ ಬರುವವರೆಗೆ ಪ್ರಮಾಣಪತ್ರ ಬೇಡ. ಪ್ರಶ್ನೋತ್ತರದಿಂದ ಇದನ್ನು ಅಳೆಯಲಾಗದು. ‘ಓಟಿಪಿ ಕೊಡಬಹುದೇ?’ ಎಂದು ಕೇಳಿದರೆ ಎಲ್ಲರೂ ‘ಇಲ್ಲ’ ಎನ್ನುತ್ತಾರೆ, ಸಂಜೆ ಫೋನ್ ಬಂದಾಗ ಹೇಳಿಬಿಡುತ್ತಾರೆ. ಸನ್ನಿವೇಶ ಕೊಟ್ಟು ನೋಡಿ:

– ‘ಇಂದು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ ತೋರಿಸಿ. ಆ ನಂಬರಿಗೆ ಕರೆ ಮಾಡದೆ ಹಳೆಯ ಬಿಲ್ಲಿನಲ್ಲಿರುವ ಸೆಸ್ಕ್ ಸಂಖ್ಯೆಯನ್ನು ಹುಡುಕುತ್ತಾರೆಯೇ?
– ‘ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಹಾಕಿ.’ ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಈ ಒಂದು ವಾಕ್ಯ ಗೊತ್ತಿದ್ದರೆ ಎಷ್ಟೋ ಮೋಸ ಅಲ್ಲೇ ನಿಲ್ಲುತ್ತದೆ.
– ಪೊಲೀಸ್ ಸಮವಸ್ತ್ರದವರೊಬ್ಬರು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ಅಂಥದ್ದೊಂದು ಕಾನೂನಿನಲ್ಲೇ ಇಲ್ಲ ಎಂದು ಗೊತ್ತೇ? ಫೋನ್ ಇಡುವ ಧೈರ್ಯ ಇದೆಯೇ?
– ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಬಂದ ಕಡತದ ಹೆಸರು ‘ಎಪಿಕೆ’ ಎಂದು ಕೊನೆಯಾಗುತ್ತದೆ. ತೆರೆಯದೆ ಬಿಡುತ್ತಾರೆಯೇ?
– ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ತಾವು ಇಳಿಸಿಕೊಂಡ ಆಧಾರ್ ಪ್ರತಿಯನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆದು ಏಳುತ್ತಾರೆಯೇ?

ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನು ಬಾಯಿಪಾಠ ಮಾಡಿಸಿ. ಇಡೀ ಮಾನದಂಡದಲ್ಲಿ ಬಾಯಿಪಾಠ ಬೇಕಾದ ಒಂದೇ ಸಂಖ್ಯೆ ಅದು. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಎರಡು ದಿನ ಮನೆಯವರಿಗೂ ಹೇಳದೆ ಕೂರುವುದೇ ದೊಡ್ಡ ನಷ್ಟ.

7. ಕೈಕಟ್ಟಿಕೊಂಡು ಪರೀಕ್ಷೆ ಮಾಡಿ. ಪರೀಕ್ಷಕರಿಗೆ ಅತಿ ಕಷ್ಟದ ಕೆಲಸ ಸುಮ್ಮನಿರುವುದು. ಕಲಿಕಾರ್ಥಿ ಬಟನ್ ಹುಡುಕುತ್ತಿದ್ದರೆ ನಮ್ಮ ಕೈ ತಾನಾಗಿಯೇ ಮೌಸ್ ಕಡೆ ಹೋಗುತ್ತದೆ. ನಿಜವಾಗಿಯೂ ಕೈಕಟ್ಟಿಕೊಂಡು, ಒಂದು ಹೆಜ್ಜೆ ಹಿಂದೆ ನಿಲ್ಲಿ. ಪ್ರತಿ ಸಾಲಿಗೂ ಮೂರರಲ್ಲಿ ಒಂದು ಗುರುತು: ‘ತಾವೇ ಮಾಡಿದರು’, ‘ಒಂದು ಮಾತು ಹೇಳಬೇಕಾಯಿತು’, ‘ಕೈಹಿಡಿದು ತೋರಿಸಬೇಕಾಯಿತು’. ಅಂಕ ಬೇಡ, ಪಾಸು–ಫೇಲು ಬೇಡ. ಮೂರನೆಯ ಗುರುತು ಬಿದ್ದವರಿಗೆ ‘ಇದೊಂದು ಇನ್ನೂ ಬಂದಿಲ್ಲ’ ಎನ್ನಿ, ಯಾವುದು ಎಂದು ತೋರಿಸಿ.

ಎರಡು ಸಲ ನೋಡಿ. ಮೊದಲ ಸಲ ಅವರಿಗೆ ಅಭ್ಯಾಸವಾದ ಕಂಪ್ಯೂಟರಿನಲ್ಲಿ. ಎರಡನೆಯ ಸಲ ಒಂದೆರಡು ವಾರ ಬಿಟ್ಟು, ಬೇರೆ ಕಂಪ್ಯೂಟರಿನಲ್ಲಿ, ಬೇರೆ ಬ್ರೌಸರಿನಲ್ಲಿ. ಅಲ್ಲೂ ಬಂದರೆ ಕಲಿತದ್ದು ನಿಂತಿದೆ. ಸಮಯದ ಮಿತಿ ಹಾಕಲೇಬೇಕೆಂದಿದ್ದರೆ ಓಟಿಪಿಗೆ ಮಾತ್ರ ಹಾಕಿ, ಅಲ್ಲಿ ನಿಜವಾಗಿಯೂ ಗಡಿಯಾರ ಓಡುತ್ತಿರುತ್ತದೆ. ಉಳಿದ ಕಡೆ ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡರೆ ಯಾರ ಗಂಟು ಹೋಗುತ್ತದೆ?

ಹಂತಗಳನ್ನು ಹೀಗೆ ಇಟ್ಟುಕೊಳ್ಳಬಹುದು

ಸೊನ್ನೆ ಹಂತ ಮೇಲೆ ಹೇಳಿದ್ದು. ಮೊದಲ ಹಂತದಲ್ಲಿ ಹತ್ತು ಸಾಲು ಸಾಕು: ಹೆಸರು ಮತ್ತು ವಿಳಾಸ ಎರಡೂ ಲಿಪಿಯಲ್ಲಿ ಟೈಪ್ ಮಾಡುವುದು, ಬೇಕಾದ ವೆಬ್‌ಸೈಟನ್ನು ಹುಡುಕಿ, ವಿಳಾಸದ ಕೊನೆ ನೋಡಿ ಅದು ಸರ್ಕಾರದ್ದೇ ಎಂದು ಖಚಿತಪಡಿಸಿಕೊಳ್ಳುವುದು, ದಿನಾಂಕ, ಪಟ್ಟಿ, ಕ್ಯಾಪ್ಚಾ, ಓಟಿಪಿ ಇರುವ ಒಂದು ಪುಟದ ಅರ್ಜಿ ತುಂಬುವುದು, ಫೋಟೊ ಏರಿಸುವುದು, ರಸೀದಿ ಇಳಿಸಿ ಮತ್ತೆ ತೆರೆಯುವುದು, ಇ–ಮೇಲ್ ಓದಿ ಉತ್ತರಿಸಿ ಒಂದು ಕಡತ ಲಗತ್ತಿಸುವುದು, ಒಂದು ಬಿಲ್ ಕಟ್ಟುವ ಹಂತಗಳನ್ನು ಹಣ ಕೊಡುವ ಪುಟದವರೆಗೆ ತೋರಿಸುವುದು, ಬೇರೆಯವರು ಊಹಿಸಲಾರದ ಪಾಸ್‌ವರ್ಡ್ ಮಾಡಿ, ಮರೆತರೆ ಬದಲಿಸಿಕೊಳ್ಳುವುದು, ಡಿಜಿಲಾಕರ್‌ನಿಂದ ಒಂದು ದಾಖಲೆ ತೆರೆದು ತೋರಿಸುವುದು, ಹತ್ತನೆಯದು ಆರನೆಯ ಅಂಶದ ಸನ್ನಿವೇಶಗಳಷ್ಟೂ.

ಎರಡನೆಯ ಹಂತ ಎಲ್ಲರಿಗೂ ಒಂದೇ ಇರಬೇಕಿಲ್ಲ. ವ್ಯಾಪಾರ ಮಾಡುವಾಕೆಗೆ ದರಪಟ್ಟಿ ಮತ್ತು ಕೂಡಿಸುವ ಲೆಕ್ಕದ ಹಾಳೆ, ಕೆಲಸ ಹುಡುಕುವವರಿಗೆ ಸ್ವವಿವರ ಪತ್ರ, ಪಿಂಚಣಿದಾರರಿಗೆ ಜೀವನ್ ಪ್ರಮಾಣ್ ಮತ್ತು ವಿಡಿಯೊ ಕರೆ. ಗುಂಪು ನೋಡಿ ಆರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ವಾರವೆಲ್ಲ ಚಾರ್ಲ್ಸ್ ಬ್ಯಾಬೇಜ್, ಕಂಪ್ಯೂಟರಿನ ಐದು ತಲೆಮಾರು, ರ್‍ಯಾಮ್–ರೋಮ್ ವ್ಯತ್ಯಾಸ. ಬ್ಯಾಬೇಜ್ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಮಂಡಿ ಮೊಹಲ್ಲಾದಿಂದ ಕೆಲಸ ಮುಗಿಸಿ ಸಂಜೆ ಆರಕ್ಕೆ ಬರುವವರಿಗೆ ಅವರು ಎರಡು ತಿಂಗಳು ಬಿಟ್ಟು ಸಿಕ್ಕರೂ ನಡೆಯುತ್ತದೆ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚಕದಲ್ಲಿ ಬರುವ ಒಂಬತ್ತು ಕೌಶಲಗಳ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳುವುದು ಇನ್ನೊಂದು ತಪ್ಪು. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ 2020–21ರ ಸುತ್ತಿನಲ್ಲಿ ಇಂಥ ಪ್ರಶ್ನೆಗಳನ್ನು ಕೇಳಿದೆ. ಕಡತ ನಕಲು ಮಾಡುವುದರಿಂದ ಸ್ಲೈಡುಗಳ ಪ್ರಸ್ತುತಿ, ಕೊನೆಗೆ ಪ್ರೋಗ್ರಾಂ ಬರೆಯುವವರೆಗೆ ಅದು ಹೋಗುತ್ತದೆ. ದೇಶದೇಶಗಳನ್ನು ಹೋಲಿಸಲು ಅದು ಸರಿ, ನಿಮ್ಮ ತರಗತಿಗೆ ಅಲ್ಲ.

ಒಂದೇ ಕುಟುಂಬದ ಅತ್ತೆ–ಸೊಸೆಯನ್ನು ಒಂದೇ ಕಂಪ್ಯೂಟರಿಗೆ ಕೂರಿಸುವುದು. ಕೈ ಆಡಿಸುವುದು ಒಬ್ಬರೇ, ಯಾರೆಂದು ಹೇಳಬೇಕಿಲ್ಲ.

ಹಾಜರಿಯನ್ನೇ ಅರ್ಹತೆ ಮಾಡುವುದು. ಮದುವೆ, ಜಾತ್ರೆ, ದಸರಾ ಎಂದು ನಾಲ್ಕು ದಿನ ತಪ್ಪಿಸಿದರೂ ಕೆಲಸ ಬಂದರೆ ಬಂತು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಪರೀಕ್ಷೆ ಇಟ್ಟುಕೊಂಡರಂತೂ ಖಾಲಿ ಕುರ್ಚಿಗಳಿಗೇ ಪರೀಕ್ಷೆ.

ಎಚ್ಚರಿಕೆಗಳು

ಅಭ್ಯಾಸಕ್ಕೆ ನಿಜವಾದ ಸರ್ಕಾರಿ ಪೋರ್ಟಲ್‌ನಲ್ಲಿ ಸುಳ್ಳು ವಿವರ ಹಾಕಿ ಅರ್ಜಿ ಸಲ್ಲಿಸಬೇಡಿ. ಗೂಗಲ್ ಫಾರ್ಮ್‌ನಲ್ಲಿ ಅದೇ ಥರದ ಒಂದು ಅರ್ಜಿ ಮಾಡಿಕೊಳ್ಳಿ: ದಿನಾಂಕ, ಪಟ್ಟಿ ಎಲ್ಲ ಅದರಲ್ಲಿ ಬರುತ್ತದೆ. ಕಡತ ಏರಿಸುವ ಪ್ರಶ್ನೆ ಸೇರಿಸಿದರೆ ಕಲಿಕಾರ್ಥಿ ಗೂಗಲ್ ಖಾತೆಯಿಂದ ಒಳಹೋಗಬೇಕಾಗುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿ.

ಕಲಿಕಾರ್ಥಿಗಳ ಆಧಾರ್ ಪ್ರತಿ, ಪಾಸ್‌ವರ್ಡ್, ಓಟಿಪಿ ಇವು ಕಲಿಸುವವರ ಬಳಿ ಇರಬಾರದು. ‘ಅಮ್ಮ, ನಾನು ಬರೆದಿಟ್ಕೊಂಡಿರ್ತೀನಿ, ಮರೆತ್ರೆ ಕೇಳಿ’ ಎಂಬ ಮಾತು ಒಳ್ಳೆಯ ಮನಸ್ಸಿನದೇ ಇರಬಹುದು, ಆದರೆ ನಾಳೆ ಏನಾದರೂ ಆದರೆ ಮೊದಲು ಅನುಮಾನ ಬರುವುದು ನಿಮ್ಮ ಮೇಲೆ. ಅಭ್ಯಾಸಕ್ಕೆ ಒಂದು ಸುಳ್ಳು ಹೆಸರಿನ, ಸುಳ್ಳು ಸಂಖ್ಯೆಯ ಮಾದರಿ ಚೀಟಿ ಮುದ್ರಿಸಿಕೊಳ್ಳಿ, ಎಲ್ಲರೂ ಅದನ್ನೇ ಬಳಸಲಿ.

ಪ್ರಮಾಣಪತ್ರದ ಮುಂದೆ ಹೆಸರು, ದಿನಾಂಕ ಇರಲಿ. ಹಿಂದೆ ಆ ಹತ್ತು ಸಾಲುಗಳನ್ನೂ ಕನ್ನಡದಲ್ಲಿ ಮುದ್ರಿಸಿ, ಯಾವುದು ‘ತಾವೇ ಮಾಡಿದರು’ ಎಂಬ ಗುರುತು ಪಡೆದಿದೆ ಎಂಬುದನ್ನೂ ಹಾಕಿ. ಕೆಲಸ ಕೊಡುವವರು ತಿರುಗಿಸಿ ಓದಲಿ. ವರ್ಷಕ್ಕೊಮ್ಮೆ, ಹೊಸ ತಂಡ ಸೇರುವ ಮೊದಲು, ಮೊದಲನೆಯ ಅಂಶದ ಅದೇ ಎರಡು ಪ್ರಶ್ನೆಗಳನ್ನು ಹೊಸಬರಿಗೆ ಕೇಳಿ, ಯಾವ ಸಾಲನ್ನು ಯಾರೂ ಬಳಸುತ್ತಿಲ್ಲವೋ ಅದನ್ನು ಹೊಡೆದುಹಾಕಿ, ಅದರ ಜಾಗಕ್ಕೆ ಹೊಸದೊಂದನ್ನು ಬರೆಯಿರಿ.